ತುಕ್ಕು ತಿಂದ ಪದ್ಮಿನಿಯನ್ನು ಮರಳಿ ರಸ್ತೆಗೆ ತರುವ ಕ್ರಮ: ಬಾಗಿಲೇ ನಿಮ್ಮ ಅಳತೆಗೋಲು

ಹಳೆಯ ಪ್ರೀಮಿಯರ್ ಪದ್ಮಿನಿಯನ್ನು ಮನೆಗೆ ತಂದು ಕೈಸುಟ್ಟುಕೊಂಡವರು ಸಲಹೆ ಕೇಳುವ ಹೊತ್ತಿಗೆ ಅವರ ಕಾರು ಎರಡರಲ್ಲಿ ಒಂದು ಸ್ಥಿತಿಗೆ ಬಂದಿರುತ್ತದೆ. ಒಂದೋ ಹೊಸ ಬಣ್ಣ ಹೊಡೆಸಿ ಒಂದೇ ಮಳೆಗಾಲ ಕಳೆದಿದೆ, ಬಾಗಿಲ ಕೆಳಗೆ ಆಗಲೇ ಗುಳ್ಳೆ ಎದ್ದಿದೆ. ಇಲ್ಲವೇ ತುಕ್ಕು ಕಂಡಲ್ಲೆಲ್ಲ ಒಂದೇ ಹುರುಪಿನಲ್ಲಿ ಕತ್ತರಿಸಿ ಹೊಸ ತಗಡು ಬೆಸೆದಾಗಿದೆ, ಈಗ ನಾಲ್ಕರಲ್ಲಿ ಮೂರು ಬಾಗಿಲು ಮುಚ್ಚುತ್ತಿಲ್ಲ. ಮೊದಲನೆಯದಕ್ಕೆ ಮದ್ದಿದೆ. ಎರಡನೆಯ ತಪ್ಪನ್ನು ನಾನೇ ಮಾಡಿದ್ದೇನೆ. ಆ ಕಾರು ಕೊನೆಗೆ ಬಿಡಿಭಾಗಗಳ ರಾಶಿಯಾಯಿತು.

ಜೀಪಿಗೆ ಕೆಳಗೊಂದು ಚಾಸಿಸ್ ಇದೆ, ಅದರ ಮೇಲೆ ಬಾಡಿ ಕೂತಿದೆ. ಪದ್ಮಿನಿಯಲ್ಲಿ ಹಾಗಿಲ್ಲ. ನೆಲದ ತಗಡು, ಕಂಬಗಳು, ಮಾಡು (ಚಾವಣಿ), ಬಾಗಿಲ ಕೆಳಗೆ ಉದ್ದಕ್ಕೂ ಹರಿದ ಟೊಳ್ಳು ಪೆಟ್ಟಿಗೆ ಇವೆಲ್ಲ ಸೇರಿಯೇ ಅದರ ಬೆನ್ನೆಲುಬು. ಆ ಟೊಳ್ಳು ಪೆಟ್ಟಿಗೆಯನ್ನು ಇಲ್ಲಿ ಹೊಸ್ತಿಲು ಎಂದು ಕರೆಯುತ್ತೇನೆ. ಹೊಸ್ತಿಲು ಕತ್ತರಿಸಿದ ಕೂಡಲೇ ಕಾರು ನಡುವಿನಲ್ಲಿ ಜೋಲುತ್ತದೆ. ಎರಡು ಮೂರು ಮಿ.ಮೀ. ಜೋತರೆ ಸಾಕು, ಬಾಗಿಲು ಕೂಡುವುದಿಲ್ಲ. ಅಂಬಾಸಿಡರ್ ಇಟ್ಟುಕೊಂಡವರಿಗೂ ಇದೇ ಮಾತು ಅನ್ವಯಿಸುತ್ತದೆ, ಅದಕ್ಕೂ ಬೇರೆ ಚಾಸಿಸ್ ಇಲ್ಲ.

ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಯಾವುದನ್ನೂ ಮೊದಲು ಮುಗಿಸಿಬಿಡೋಣ ಎಂದು ಹಿಂದುಮುಂದು ಮಾಡಬೇಡಿ.

## 1. ಕಾಗದಪತ್ರ

ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಸಿ ನೋಡಿ. ಅದರಲ್ಲಿರುವ ಚಾಸಿಸ್ ಸಂಖ್ಯೆ ಕಾರಿನ ಮೇಲೆ ಕೊರೆದ ಸಂಖ್ಯೆಗೆ ಅಕ್ಷರಶಃ ಹೊಂದಬೇಕು. ಆ ಜಾಗಕ್ಕೂ ತುಕ್ಕು ಹತ್ತಿದ್ದರೆ ವೈರ್ ಬ್ರಷ್, ಗ್ರೈಂಡರ್ ಮುಟ್ಟಿಸಬೇಡಿ. ಸೀಮೆಎಣ್ಣೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ, ಫೋಟೋ ತೆಗೆಯಿರಿ. ಸಂಖ್ಯೆ ಇರುವ ತಗಡನ್ನು ಯಾವ ಕಾರಣಕ್ಕೂ ಕತ್ತರಿಸಬಾರದು. ಟಿಂಕರ್ ಕೆಲಸದವರಿಗೆ ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಆ ಜಾಗದ ಸುತ್ತ ಬಣ್ಣದ ಟೇಪ್ ಅಂಟಿಸಿ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ನವೀಕರಣ ತಪ್ಪಿದ್ದರೆ ಬಾಕಿ, ದಂಡ ಎಷ್ಟೆಂದು ಆರ್‌ಟಿಒದಲ್ಲಿ ಮೊದಲೇ ವಿಚಾರಿಸಿ. ನೋಂದಣಿಯೇ ರದ್ದಾಗಿರುವ ಕಾರನ್ನು ಬಿಡಿಭಾಗಕ್ಕಲ್ಲದೆ ಬೇರೆ ಯಾವುದಕ್ಕೂ ಕೊಳ್ಳಬೇಡಿ.

ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನಗಳಿಗೆ 2021ರಿಂದ ವಿಂಟೇಜ್ ನೋಂದಣಿಯ ಬೇರೆ ನಿಯಮವಿದೆ. ಪದ್ಮಿನಿ ಎಂಬ ಹೆಸರು ಬರುವ ಮೊದಲು ಇದೇ ಕಾರು ಫಿಯೆಟ್ ಡಿಲೈಟ್ ಆಗಿತ್ತು. 1964ರಿಂದ ಬಂದ ಆ ಡಿಲೈಟ್‌ಗಳಲ್ಲಿ ಎಷ್ಟೋ ಆ ವಯಸ್ಸು ದಾಟಿವೆ, 1970ರ ದಶಕದ ನಡುವಿನ ಮೊದಲ ಪದ್ಮಿನಿಗಳೂ ಅಲ್ಲಿಗೆ ಬಂದಿವೆ. ಆದರೆ ಚಾಸಿಸ್, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು, ಆ ನೋಂದಣಿ ಪಡೆದ ಕಾರನ್ನು ದಿನಬಳಕೆಗೆ ಓಡಿಸುವಂತಿಲ್ಲ. ಆ ದಾರಿ ಹಿಡಿಯುವವರು ಪ್ರತಿ ದುರಸ್ತಿಗೂ ಮೊದಲು ಮತ್ತು ನಂತರ ಫೋಟೋ ಇಟ್ಟುಕೊಳ್ಳಿ. ಇದ್ದ ಆಕಾರವನ್ನೇ ಮರಳಿ ಕೊಟ್ಟಿದ್ದೀರಿ, ಹೊಸದೇನೂ ಮಾಡಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ.

## 2. ತಟ್ಟಿ ನೋಡಿ, ಚುಚ್ಚಿ ನೋಡಿ

ಹಲಸಿನ ಹಣ್ಣನ್ನು ತಟ್ಟಿ ನೋಡುವಂತೆ ಇಡೀ ಕಾರನ್ನು ಸಣ್ಣ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಬನ್ನಿ. ಗಟ್ಟಿ ತಗಡು ಗಣ್ಣೆನ್ನುತ್ತದೆ, ಸತ್ತ ತಗಡು ದಪ್ಪ್ ಎನ್ನುತ್ತದೆ. ದಪ್ಪ್ ಎಂದಲ್ಲಿ ದಬ್ಬಣದಿಂದ ಒತ್ತಿ. ಒಳಹೊಕ್ಕರೆ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಹೊಳೆಯುವ ಬಣ್ಣದ ಮೇಲೆ ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ಆಡಿಸಿ. ಅದು ಹಿಡಿಯದೆ ಜಾರಿದರೆ ಅಲ್ಲಿರುವುದು ಉಕ್ಕಲ್ಲ, ಹಿಂದಿನವರು ಮೆತ್ತಿದ ಪುಟ್ಟಿ. ಮೇಲೆ ಥಳುಕು, ಒಳಗೆ ಹುಳುಕು.

ಈ ಕಾರಿನಲ್ಲಿ ನಾನು ತಪ್ಪದೆ ನೋಡುವ ಜಾಗಗಳಿವು: ರಬ್ಬರ್ ಮ್ಯಾಟ್ ಕೆಳಗಿನ ನೆಲ, ಹೊಸ್ತಿಲಿನ ಎರಡೂ ತುದಿ, ಬಾಗಿಲಿನ ಕೆಳ ಅಂಚು, ಮುಂಗಾಜಿನ ಬೀಡಿಂಗ್ ಕೆಳಗಿನ ಮೂಲೆಗಳು, ಹೆಡ್‌ಲೈಟಿನ ಹಿಂದೆ ಕೆಸರು ಕಟ್ಟುವ ಮಡ್‌ಗಾರ್ಡಿನ ಒಳಮೈ, ಡಿಕ್ಕಿಯ ತಳ. ಇವೆಲ್ಲ ತಗಡಿನ ಕೆಲಸ, ಕಲಿತರೆ ಮಾಡಬಹುದು. ಆಮೇಲೆ ಇನ್ನು ಮೂರು ಜಾಗಗಳಿವೆ: ಹಿಂದಿನ ಪಟ್ಟೆ ಸ್ಪ್ರಿಂಗುಗಳು ಬಾಡಿಗೆ ಸೇರುವ ಕಡೆ, ಮುಂದಿನ ಸಸ್ಪೆನ್ಷನ್ ಹಿಡಿದಿರುವ ಕಡೆ, ಸ್ಟಿಯರಿಂಗ್ ಬಾಕ್ಸ್ ಕೂರುವ ಕಡೆ. ಇವು ಸಡಿಲವಾದರೆ ಓಡುವಾಗ ಪ್ರಾಣಕ್ಕೇ ಕುತ್ತು. ಇವುಗಳ ವೆಲ್ಡಿಂಗನ್ನು ಹವ್ಯಾಸಿಗಳು ಮುಟ್ಟದೆ ಅನುಭವಿಗಳಿಗೆ ಬಿಡಬೇಕು.

ಕೊಳ್ಳುವ ಮೊದಲೇ ಇದನ್ನೆಲ್ಲ ನೋಡುತ್ತಿದ್ದರೆ ನಿಮ್ಮ ಅದೃಷ್ಟ. ಎರಡೂ ಹೊಸ್ತಿಲು, ನೆಲ, ಸ್ಪ್ರಿಂಗ್ ಬುಡ ಮತ್ತು ಮುಂಗಾಜಿನ ಕಂಬದ ಬುಡ ನಾಲ್ಕೂ ಹೋಗಿದ್ದರೆ ಆ ಕಾರನ್ನು ಬಿಟ್ಟು ಇನ್ನೊಂದನ್ನು ಹುಡುಕಿ. ಎಂಜಿನ್ ಕೆಟ್ಟು ಮೈ ಗಟ್ಟಿ ಇರುವ ಕಾರು, ಎಂಜಿನ್ ಗಟ್ಟಿ ಇದ್ದು ಮೈ ಕೊಳೆತ ಕಾರಿಗಿಂತ ಯಾವತ್ತೂ ಅಗ್ಗಕ್ಕೆ ಬೀಳುತ್ತದೆ. ಮಾರುವವರು ಸ್ಟಾರ್ಟ್ ಮಾಡಿ ಸದ್ದು ಕೇಳಿಸುತ್ತಾರೆ. ಸದ್ದಿಗೆ ಮರುಳಾಗದೆ ಮ್ಯಾಟ್ ಎತ್ತಿ ನೋಡಿ.

## 3. ಕಾಲ, ಜಾಗ, ಹತ್ಯಾರು

ಕರಾವಳಿಯಲ್ಲಿರುವವರು ಪಂಚಾಂಗ ನೋಡಿ ಕೆಲಸ ಹಂಚಿಕೊಳ್ಳಬೇಕು. ನಮ್ಮಲ್ಲಿ ಉಪ್ಪುಗಾಳಿಗೆ ಉಜ್ಜಿ ಹೊಳಪಿಸಿದ ತಗಡು ಬೆಳಗಾಗುವುದರೊಳಗೆ ಕೆಂಪಾಗುತ್ತದೆ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಕತ್ತರಿಸುವುದು, ಬೆಸೆಯುವುದು. ಯುಗಾದಿಯೊಳಗೆ ಪ್ರೈಮರ್ ಮತ್ತು ಬಣ್ಣ. ಪತ್ತನಾಜೆಯ ಹೊತ್ತಿಗೆ, ಎಂದರೆ ಮಳೆಗಾಲಕ್ಕೆ ಮುಂಚೆ ಮೇ ಕೊನೆಯೊಳಗೆ, ಕಾರಿನ ಮೇಲೆ ಎಲ್ಲಿಯೂ ಬರಿ ಉಕ್ಕು ಉಳಿದಿರಬಾರದು. ಅಷ್ಟರಲ್ಲಿ ಮುಗಿಯದಿದ್ದರೆ ಇದ್ದಷ್ಟಕ್ಕೆ ಎಪಾಕ್ಸಿ ಪ್ರೈಮರ್ ಹೊಡೆದು ನಿಲ್ಲಿಸಿ. ಮಳೆಗಾಲದಲ್ಲಿ ಕಾರ್ಬ್ಯುರೇಟರ್, ಡೈನಮೊ, ಸೀಟುಗಳ ಹೊಲಿಗೆ, ವೈರಿಂಗ್ ಇಂಥ ಒಳಗಿನ ಕೆಲಸ ಮಾಡಿಕೊಳ್ಳಬಹುದು. ಮೈಸೂರು, ಹುಬ್ಬಳ್ಳಿ ಕಡೆಯವರಿಗೆ ಇಷ್ಟು ಬಿಗಿ ಬೇಡ.

ಗಟ್ಟಿ ಕಾಂಕ್ರೀಟ್ ನೆಲ, ಮೇಲೆ ಮಾಡು, ಕಾರಿನ ಸುತ್ತ ನಾಲ್ಕಡಿ ಜಾಗ ಬೇಕು. ಮಣ್ಣಿನ ನೆಲದಲ್ಲಿ ಕಾರು ಹೊರುವ ಸ್ಟ್ಯಾಂಡ್ ಹೂತುಹೋಗುತ್ತದೆ, ಅಲ್ಲಿ ಕೆಲಸ ಬೇಡ. ಇಟ್ಟಿಗೆ, ಕಲ್ಲು ಪೇರಿಸಿ ಕಾರು ನಿಲ್ಲಿಸಿ ಅದರಡಿ ಮಲಗುವುದು ಮೂರ್ಖತನ. ಇಟ್ಟಿಗೆ ಸೀಳುವಾಗ ಮುನ್ಸೂಚನೆ ಕೊಡುವುದಿಲ್ಲ.

ಹತ್ಯಾರುಗಳಲ್ಲಿ ದುಡ್ಡು ಹಾಕಬೇಕಾದದ್ದು ಎರಡಕ್ಕೆ: ನಾಲ್ಕು ಒಳ್ಳೆಯ ಜಾಕ್ ಸ್ಟ್ಯಾಂಡ್, ಒಂದು ಮಿಗ್ ವೆಲ್ಡಿಂಗ್ ಯಂತ್ರ (ಕಡ್ಡಿಯ ಬದಲು ತೆಳು ತಂತಿ ತಾನಾಗಿ ಹೊರಬರುವಂಥದ್ದು). ಗೇಟು ಬೆಸೆಯುವ ಕಡ್ಡಿ ವೆಲ್ಡಿಂಗಿನಿಂದ ಕಾರಿನ ತೆಳು ತಗಡಿಗೆ ತೂತು ಬೀಳುತ್ತದೆ. ಗ್ಯಾಸ್ ವೆಲ್ಡಿಂಗ್ ಹಳೆಯ ಟಿಂಕರುಗಳ ಕೈಯಲ್ಲಿ ಚಿನ್ನ, ಹೊಸಬರ ಕೈಯಲ್ಲಿ ತಗಡು ಹಪ್ಪಳದಂತೆ ಸುರುಟುತ್ತದೆ. ಉಳಿದಂತೆ ನಾಲ್ಕಿಂಚಿನ ಆಂಗಲ್ ಗ್ರೈಂಡರ್, ಕಟಿಂಗ್ ಡಿಸ್ಕ್, ಫ್ಲಾಪ್ ಡಿಸ್ಕ್ (ಉಜ್ಜುಕಾಗದದ ಎಸಳುಗಳ ಬಿಲ್ಲೆ), ತಗಡು ಕತ್ತರಿ, ಹತ್ತಾರು ಕ್ಲಾಂಪ್, ಡ್ರಿಲ್, ಗಟ್ಟಿಯಾದ ವೈಸ್, ಸುತ್ತಿಗೆ ಮತ್ತು ಡಾಲಿ (ಬಡಿಯುವಾಗ ತಗಡಿನ ಹಿಂದೆ ಹಿಡಿಯುವ ಉಕ್ಕಿನ ಗಟ್ಟಿ) ಸಾಕು. ಬೆಂಗಳೂರಿನವರಿಗೆ ಹತ್ಯಾರುಗಳು ಎಸ್.ಪಿ. ರಸ್ತೆಯಲ್ಲಿ, ಬಿಡಿಭಾಗಗಳು ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಅಷ್ಟು ವರ್ಷ ಆ ಟ್ಯಾಕ್ಸಿಗಳನ್ನು ಓಡಿಸಿದ ಊರಾದ್ದರಿಂದ ಇಲ್ಲಿ ಸಿಗದ ಭಾಗವನ್ನು ಅಲ್ಲಿನ ಹಳೆ ಸಾಮಾನಿನವರಲ್ಲಿ ವಿಚಾರಿಸುವುದು ವ್ಯರ್ಥವಲ್ಲ.

ತಗಡು ಕೊಳ್ಳುವಾಗ ಸಿ.ಆರ್. ಶೀಟ್ (ಕೋಲ್ಡ್ ರೋಲ್ಡ್, ಲೇಪವಿಲ್ಲದ ಉಕ್ಕಿನ ತಗಡು) ಎಂದೇ ಕೇಳಿ. ನೆಲ ಮತ್ತು ಹೊರಮೈಗೆ 20 ಗೇಜ್, ಎಂದರೆ ಸುಮಾರು 0.9 ಮಿ.ಮೀ. ಹೊಸ್ತಿಲಿನ ಒಳಗೋಡೆಯಂಥ ಭಾರ ಹೊರುವ ಕಡೆಗೆ 18 ಗೇಜ್, ಸುಮಾರು 1.2 ಮಿ.ಮೀ. ತುಕ್ಕು ಹಿಡಿಯುವುದಿಲ್ಲವೆಂದು ಜಿ.ಐ. ತಗಡು ತರಬೇಡಿ. ಅದರ ಸತು ಲೇಪ ಬೆಸೆಯುವಾಗ ಹೊಗೆಯಾಗಿ ಏಳುತ್ತದೆ, ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ.

## 4. ಬಿಚ್ಚುವುದು, ಆದರೆ ಬಾಗಿಲು ಬಿಟ್ಟು

ಸೀಟು, ಮ್ಯಾಟ್, ಒಳ ಲೈನಿಂಗ್, ಬಂಪರ್, ಲೈಟು, ಗಾಜು ಎಲ್ಲ ತೆಗೆಯಿರಿ. ಬೋಲ್ಟು ತಿರುಗದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ, ಮಾರನೆಯ ದಿನ ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ ಆಮೇಲೆ ಬಿಚ್ಚಿ. ಒಂದೊಂದು ಭಾಗದ ಬೋಲ್ಟುಗಳಿಗೆ ಒಂದೊಂದು ಡಬ್ಬಿ, ಮೇಲೆ ಚೀಟಿ. ಆರು ತಿಂಗಳ ನಂತರ ಯಾವುದೂ ನೆನಪಿರುವುದಿಲ್ಲ.

ಪೆಟ್ರೋಲ್ ಟ್ಯಾಂಕನ್ನು ಮೊದಲ ದಿನವೇ ತೆಗೆದು ಕೆಲಸದ ಜಾಗದಿಂದ ದೂರ ಇಡಿ. ಖಾಲಿ ಟ್ಯಾಂಕ್ ನಿರಪಾಯ ಎಂದು ನಂಬುವವರು ಇದ್ದಾರೆ. ವಾಸ್ತವದಲ್ಲಿ ಆವಿ ತುಂಬಿದ ಖಾಲಿ ಟ್ಯಾಂಕೇ ಸಿಡಿಯುವುದು. ಅದರ ತೂತನ್ನು ಮನೆಯಲ್ಲಿ ಬೆಸೆಯುವ ಯೋಚನೆಯೂ ಬೇಡ. ಬ್ಯಾಟರಿಯನ್ನು ಪೂರ್ತಿ ಹೊರಗೆ ತೆಗೆದಿಡಿ. ಬ್ರೇಕ್ ಡ್ರಮ್ಮಿನೊಳಗಿನ ಧೂಳನ್ನು ಊದಬೇಡಿ, ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆಯನ್ನೇ ಎಸೆಯಿರಿ.

ನಾಲ್ಕು ಬಾಗಿಲು ಮಾತ್ರ ಇದ್ದಲ್ಲೇ ಇರಲಿ. ಎಲ್ಲರೂ ಮೊದಲು ಕಳಚುವುದು ಅದನ್ನೇ, ಎಲ್ಲರೂ ಎಡವುವುದೂ ಅಲ್ಲೇ. ಬಾಗಿಲಿನ ಸುತ್ತಲಿನ ಸಂದು ಎಷ್ಟಿದೆ ಎನ್ನುವುದೇ ಕಾರು ನೆಟ್ಟಗಿದೆಯೇ ಎಂದು ಹೇಳುವ ಏಕೈಕ ಅಳತೆಗೋಲು. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದಿಟ್ಟು ಸಂದಿಗೆ ತೂರಿಸಿ, ಪ್ರತಿ ಬಾಗಿಲಿಗೆ ಎಂಟು ಕಡೆ ಅಳೆದು ಪುಸ್ತಕದಲ್ಲಿ ಬರೆದಿಡಿ. ಬಾಗಿಲು ತೆರೆದು, ಚೌಕಟ್ಟಿನ ಮೂಲೆಯಿಂದ ಮೂಲೆಗೆ ಅಡ್ಡ ಅಳತೆಯನ್ನೂ ತೆಗೆಯಿರಿ. ಅಳೆದ ಬಿಂದುವಿಗೆ ಮೊಳೆಯಿಂದ ಸಣ್ಣ ಗುರುತು ಹೊಡೆದರೆ ಮುಂದಿನ ಬಾರಿ ಅದೇ ಜಾಗ ಸಿಗುತ್ತದೆ.

ಅಳತೆ ಬರೆಯುವಾಗಲೇ ಒಂದು ಎಚ್ಚರಿಕೆಯ ಗುರುತು ಸಿಗಬಹುದು. ಬಾಗಿಲ ಮೇಲಿನ ಸಂದು ಮುಂದೆ ಹಿಂದೆ ಒಂದೇ ಸಮನಿಲ್ಲದೆ, ತೆರೆದಾಗ ಬಾಗಿಲು ಕೆಳಗೆ ಜಗ್ಗಿದರೆ ಹಿಂಜು ಸವೆದಿರಬಹುದು, ಇಲ್ಲವೇ ಕಾರು ಆಗಲೇ ಜೋತಿರಬಹುದು. ಬಾಗಿಲನ್ನು ಎತ್ತಿ ಅಲ್ಲಾಡಿಸಿ. ಹಿಂಜು ಲಟಲಟ ಎಂದರೆ ಮೊದಲು ಹಿಂಜಿನ ಪಿನ್ ಬದಲಿಸಿ ಮತ್ತೆ ಅಳೆಯಿರಿ. ಸವೆದ ಹಿಂಜಿನ ಅಳತೆ ನಂಬಿ ಹೊಸ್ತಿಲು ಬೆಸೆದರೆ ಸುಳ್ಳಿನ ಮೇಲೆ ಮನೆ ಕಟ್ಟಿದಂತೆ.

## 5. ಕಾರು ನಿಲ್ಲಿಸುವುದು ಮತ್ತು ಊರೆ ಕೊಡುವುದು

ಸ್ಟ್ಯಾಂಡುಗಳನ್ನು ಹೊಸ್ತಿಲ ಕೆಳಗೆ ಇಡಬೇಡಿ. ಕತ್ತರಿಸಬೇಕಾದದ್ದೇ ಅದು. ಚಕ್ರಗಳು ಭಾರ ಹೊರುವ ಕಡೆಗೆ, ಎಂದರೆ ಮುಂದಿನ ಸಸ್ಪೆನ್ಷನ್ ಬಳಿ ಮತ್ತು ಹಿಂದಿನ ಆಕ್ಸಲ್ ಬಳಿ ಇಟ್ಟರೆ ಕಾರು ರಸ್ತೆಯ ಮೇಲೆ ನಿಂತ ಹಾಗೆಯೇ ನಿಲ್ಲುತ್ತದೆ. ನೀರಿನ ಮಟ್ಟ ಹಿಡಿದು ಎಡಬಲ ಸರಿಮಾಡಿ. ಎಂಜಿನ್ ಇಳಿಸುವುದಿದ್ದರೆ ಈಗಲೇ ಇಳಿಸಿ. ಭಾರ ಬದಲಾದ ಮೇಲೆ ಸಂದುಗಳನ್ನು ಮತ್ತೆ ಅಳೆಯಿರಿ.

ಈಗ ಊರೆ, ಎಂದರೆ ಕತ್ತರಿಸಿದಾಗ ಕಾರು ಜೋಲದಂತೆ ಹಿಡಿಯುವ ತಾತ್ಕಾಲಿಕ ಆಧಾರ. 25 ಮಿ.ಮೀ. ಚೌಕ ಪೈಪ್ ತಂದು, ಪ್ರತಿ ಬಾಗಿಲ ಚೌಕಟ್ಟಿನ ಒಳಗೆ ಕಂಬದಿಂದ ಕಂಬಕ್ಕೆ ಒಂದು ಅಡ್ಡ, ಒಂದು ಓರೆ ಬೆಸೆಯಿರಿ. ಎಡ ನಡುಕಂಬದಿಂದ ಬಲ ನಡುಕಂಬಕ್ಕೆ ಕಾರಿನ ಅಗಲಕ್ಕೂ ಒಂದು. ಪೈಪುಗಳನ್ನು ಸಾಕಷ್ಟು ಒಳಗೆ ಸರಿಸಿ ಹಾಕಿ, ಬಾಗಿಲು ಮುಚ್ಚಲು ಅಡ್ಡಿಯಾಗಬಾರದು. ಗಟ್ಟಿ ತಗಡಿಗೆ ಮಾತ್ರ ಬೆಸೆಯಿರಿ. ಊರೆ ಹಾಕಿದ ಮೇಲೆ ನಾಲ್ಕೂ ಬಾಗಿಲು ಮುಚ್ಚಿ, ಪುಸ್ತಕದ ಅಳತೆಯೊಂದಿಗೆ ಹೋಲಿಸಿ. 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಮುಂದುವರಿಯಬೇಡಿ, ಸ್ಟ್ಯಾಂಡಿನ ಎತ್ತರ ಸರಿಮಾಡಿ.

ಇಡೀ ದಿನ ಹಿಡಿಯುವ ಕೆಲಸವಿದು, ಕಣ್ಣಿಗೆ ಏನೂ ಕಾಣುವುದಿಲ್ಲ. ನಾನು ಇದನ್ನು ಬಿಟ್ಟುಹಾರಿದ್ದು ಅದಕ್ಕೇ.

## 6. ಕತ್ತರಿಸುವುದು, ಬೆಸೆಯುವುದು

ಕಾರಿಗೆ ಕೈಹಚ್ಚುವ ಮೊದಲು ಗುಜರಿಯ ಹಳೆ ಬಾನೆಟ್ ಒಂದನ್ನು ತಂದು ಒಂದು ವಾರ ಅದರ ಮೇಲೆ ಅಭ್ಯಾಸ ಮಾಡಿ. 0.6 ಅಥವಾ 0.8 ಮಿ.ಮೀ. ತಂತಿ, ಆರ್ಗನ್ ಮತ್ತು ಸಿಓಟು ಬೆರೆತ ಗ್ಯಾಸ್. ಬೆಸೆದ ತುಂಡನ್ನು ವೈಸಿನಲ್ಲಿ ಹಿಡಿದು ಸುತ್ತಿಗೆಯಿಂದ ಬಗ್ಗಿಸಿ. ಬೆಸುಗೆ ಬಿಟ್ಟುಕೊಂಡರೆ ಇನ್ನೂ ಅಭ್ಯಾಸ ಬೇಕು. ಬೆಸುಗೆ ಉಳಿದು ಪಕ್ಕದ ತಗಡು ಹರಿದರೆ ನೀವು ಸಿದ್ಧ. ಕಿವಿಯೂ ಕಲಿಯಬೇಕು: ಸರಿಯಾದ ಬೆಸುಗೆ ಒಂದೇ ಸಮನೆ ಚುರ್ರೆನ್ನುತ್ತದೆ, ಪಟ್ ಪಟ್ ಎಂದು ಸಿಡಿದರೆ ಕೆಳಗೆ ತುಕ್ಕೋ ಬಣ್ಣವೋ ಉಳಿದಿದೆ, ಇಲ್ಲವೇ ಗಾಳಿ ಗ್ಯಾಸನ್ನು ಹೊತ್ತೊಯ್ಯುತ್ತಿದೆ. ಸೆಕೆಯೆಂದು ಫ್ಯಾನ್ ಹಾಕಿಕೊಂಡು ಬೆಸೆಯುವವರ ಬೆಸುಗೆಯಲ್ಲಿ ಜೇನುಗೂಡಿನಂತೆ ತೂತುಗಳಿರುವುದು ಇದೇ ಕಾರಣಕ್ಕೆ.

ಒಂದು ಬದಿ ಪೂರ್ತಿ ಮುಗಿಯುವ ತನಕ ಇನ್ನೊಂದು ಬದಿಯನ್ನು ಮುಟ್ಟಬೇಡಿ. ಒಂದು ಬದಿಯಲ್ಲೂ ಹೊಸ್ತಿಲನ್ನು ಉದ್ದಕ್ಕೂ ಒಮ್ಮೆಲೇ ತೆಗೆಯದೆ, ಅಡಿ ಅಡಿಯಾಗಿ ಕತ್ತರಿಸಿ ಅಡಿ ಅಡಿಯಾಗಿ ತುಂಬಿ. ಒಳಗೋಡೆ ಮೊದಲು, ಹೊರಗೋಡೆ ಆಮೇಲೆ.

ಎಲ್ಲಿಯವರೆಗೆ ಕತ್ತರಿಸಬೇಕು? ತೂತಿನ ಅಂಚಿನವರೆಗಲ್ಲ. ಗ್ರೈಂಡರ್ ಹಿಡಿದಾಗ ಬೆಳ್ಳಗೆ ಹೊಳೆಯುವ, ಪೂರ್ತಿ ದಪ್ಪವಿರುವ ಉಕ್ಕು ಸಿಗುವವರೆಗೆ ಹೋಗಿ, ಅಲ್ಲಿಂದ ಇನ್ನೊಂದು ಅಂಗುಲ ಮುಂದೆ. ತೆಳುವಾದ ತಗಡಿಗೆ ಬೆಸೆಯಲು ಹೋದರೆ ತೂತು ಬೀಳುತ್ತದೆ, ಆ ತೂತು ತುಂಬಲು ಹೋದರೆ ದೊಡ್ಡದಾಗುತ್ತದೆ. ಹೀಗಾಗುತ್ತಿದ್ದರೆ ಯಂತ್ರದ ಸೆಟ್ಟಿಂಗ್ ತಿರುವುತ್ತಾ ಕೂರಬೇಡಿ, ಇನ್ನಷ್ಟು ಕತ್ತರಿಸಿ.

ಹಳೆ ಹೊಸ್ತಿಲಿನ ಮೇಲೆಯೇ ಹೊಸ ತಗಡು ಹೊದಿಸಿ ಬೆಸೆದುಬಿಡುವುದು ನಮ್ಮ ಗ್ಯಾರೇಜುಗಳಲ್ಲಿ ತುಂಬ ರೂಢಿ. ಒಂದು ದಿನದಲ್ಲಿ ಕೆಲಸ ಮುಗಿಯುತ್ತದೆ, ನೋಡಲು ಚೆನ್ನಾಗಿರುತ್ತದೆ. ಎರಡು ತಗಡಿನ ನಡುವೆ ನೀರು ನಿಂತು ಹಳೆಯದರ ತುಕ್ಕು ಹೊಸದಕ್ಕೂ ಹಬ್ಬುತ್ತದೆ, ಭಾರ ಹೊರುವ ಒಳಗೋಡೆ ಮಾತ್ರ ಕೊಳೆತೇ ಇರುತ್ತದೆ. ನಿಮ್ಮ ಕಾರಿಗೆ ಯಾರಾದರೂ ಹೀಗೆ ಮಾಡೋಣ ಎಂದರೆ ಕಾರು ವಾಪಸು ತನ್ನಿ.

ತೇಪೆ ಮಾಡುವ ಕ್ರಮ ಹೀಗೆ. ಮೊದಲು ರಟ್ಟಿನಲ್ಲಿ ಆಕಾರ ಕತ್ತರಿಸಿ ಜಾಗಕ್ಕೆ ಹಿಡಿದು ನೋಡಿ, ಸರಿಯಾದ ಮೇಲೆ ಅದನ್ನು ತಗಡಿನ ಮೇಲಿಟ್ಟು ಗೀಚಿ. ಮೂಲೆಗಳನ್ನು ಚೂಪಾಗಿ ಬಿಡದೆ ಗುಂಡಗೆ ಮಾಡಿ, ಚೂಪು ಮೂಲೆಯಲ್ಲಿ ಶಾಖ ಸೇರಿ ತಗಡು ಸುರುಟುತ್ತದೆ, ಮುಂದೆ ಬಿರುಕೂ ಅಲ್ಲಿಂದಲೇ ಹೊರಡುತ್ತದೆ. ವೈಸಿಗೆ ಎರಡು ಆಂಗಲ್ ತುಂಡು ಸಿಕ್ಕಿಸಿ ಅದರ ನಡುವೆ ತಗಡು ಹಿಡಿದು ಮರದ ಕೊಡತಿಯಿಂದ ಬಡಿದರೆ ನೇರ ಮಡಿಕೆ ಬರುತ್ತದೆ. ನೆಲದ ತಗಡಿನಲ್ಲಿ ಮೂಲದಲ್ಲಿದ್ದ ಉಬ್ಬುಗೆರೆಗಳನ್ನು ಹೊಸದರಲ್ಲೂ ಮೂಡಿಸಿ. ಸಪಾಟಾಗಿ ಬಿಟ್ಟರೆ ಓಡುವಾಗ ಡೋಲಿನಂತೆ ಬಡಿಯುತ್ತದೆ.

ಅಂಚಿಗೆ ಅಂಚು ಸೇರಿಸುವಾಗ ನಡುವೆ ತಗಡಿನ ದಪ್ಪದಷ್ಟು ಸಂದು ಬಿಡಿ. ಮೊದಲು ಅಂಗುಲಕ್ಕೊಂದರಂತೆ ಸುತ್ತ ಚುಕ್ಕೆ ಟ್ಯಾಕ್ ಹಾಕಿ. ಈಗ ನಿಲ್ಲಿಸಿ, ಬಾಗಿಲು ಮುಚ್ಚಿ, ಕಡ್ಡಿ ತೂರಿಸಿ ಅಳೆಯಿರಿ. ಟ್ಯಾಕ್ ಬಿಡಿಸುವುದು ಎರಡು ನಿಮಿಷದ ಕೆಲಸ, ಪೂರ್ತಿ ಬೆಸುಗೆ ಬಿಡಿಸುವುದು ಎರಡು ದಿನದ ಕೆಲಸ. ಅಳತೆ ಸರಿಯಿದ್ದರೆ ಎರಡು ಚುಕ್ಕೆಗಳ ನಡುವೆ ಇನ್ನೊಂದು, ಆದರೆ ಸಾಲಾಗಿ ಅಲ್ಲ. ಎಡ ತುದಿಯಲ್ಲಿ ಒಂದು, ಬಲ ತುದಿಯಲ್ಲಿ ಒಂದು, ನಡುವೆ ಒಂದು. ಕೈಗೆ ಬಿಸಿ ಎನ್ನಿಸಿದರೆ ಕಾಯಿರಿ. ಬೇಗ ಆರಲೆಂದು ನೀರು ಎರಚಬೇಡಿ.

ತಗಡಿನ ಮೇಲೆ ತಗಡು ಕೂರುವ ಕಡೆ, ಕಾರ್ಖಾನೆಯಲ್ಲಿ ಸ್ಪಾಟ್ ವೆಲ್ಡ್ ಇದ್ದಲ್ಲಿ, ಮೇಲಿನ ತಗಡಿಗೆ 6ರಿಂದ 8 ಮಿ.ಮೀ. ತೂತು ಕೊರೆದು ಆ ತೂತನ್ನು ಬೆಸುಗೆಯಿಂದ ತುಂಬಿ. ಮುಚ್ಚುವ ಮೊದಲು ಎರಡೂ ಮುಖಕ್ಕೆ ಸತುವಿನ ವೆಲ್ಡಿಂಗ್ ಪ್ರೈಮರ್ ಹಚ್ಚಿ, ತೂತಿನೊಳಗೆ ಮಾತ್ರ ಕೆರೆದು ತೆಗೆಯಿರಿ.

ಬೆಂಕಿಯ ವಿಷಯ. ಕಾರಿನಡಿಯ ಡಾಂಬರು ಲೇಪ, ಮೂಲೆಯಲ್ಲಿ ಉಳಿದ ನಾರು, ರೆಕ್ಸಿನ್ ಎಲ್ಲ ಹೊತ್ತಿಕೊಳ್ಳುವಂಥವು. ಬೆಸೆಯುವ ಜಾಗದ ಹಿಂಬದಿಯನ್ನೂ ಕೆರೆದು ತೆಗೆಯಿರಿ, ಪಕ್ಕದಲ್ಲಿ ಒಣಪುಡಿಯ ಅಗ್ನಿಶಾಮಕ ಇಟ್ಟುಕೊಳ್ಳಿ, ದಿನದ ಕೊನೆಯ ಬೆಸುಗೆಯ ನಂತರ ಅರ್ಧ ಗಂಟೆ ಅಲ್ಲೇ ಇದ್ದು ವಾಸನೆ ನೋಡಿ. ಬ್ರೇಕ್ ಕ್ಲೀನರ್ ಸ್ಪ್ರೇಯಿಂದ ಒರೆಸಿದ ತಗಡನ್ನು ಬೆಸೆಯಬೇಡಿ. ಕ್ಲೋರಿನ್ ಇರುವ ಅಂಥ ದ್ರಾವಣ ವೆಲ್ಡಿಂಗಿನ ಶಾಖಕ್ಕೆ ಫಾಸ್ಜೀನ್ ಎಂಬ ವಿಷಾನಿಲವಾಗಬಲ್ಲದು.

## 7. ಉಳಿದ ತುಕ್ಕು ತೆಗೆಯುವುದು

ತೂತಾಗದೆ ಮೇಲ್ಮೈಯಲ್ಲಷ್ಟೇ ತುಕ್ಕಿರುವ ತಗಡಿಗೆ ಗ್ರೈಂಡರಿನ ವೈರ್ ಬ್ರಷ್ ಸಾಕು. ಫ್ಲಾಪ್ ಡಿಸ್ಕ್ ಬೇಗ ಕೆಲಸ ಮಾಡುತ್ತದೆ, ಒಳ್ಳೆಯ ಉಕ್ಕನ್ನೂ ತಿನ್ನುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಮುಖಕ್ಕೆ ಕರವಸ್ತ್ರ ಕಟ್ಟಿದರೆ ಸಾಲದು, ಧೂಳು ತಡೆಯುವ ಸರಿಯಾದ ಮಾಸ್ಕ್ ಹಾಕಿ. ಕನ್ನಡಕವೂ ಕಡ್ಡಾಯ. ಬ್ರಷ್ಷಿನ ತಂತಿ ಸೂಜಿಯಂತೆ ಹಾರುತ್ತದೆ.

ಮರಳು ಹೊಡೆಸುವುದು ಸಸ್ಪೆನ್ಷನ್ ತೋಳು, ಆಕ್ಸಲ್, ಚಕ್ರಗಳಿಗೆ ಒಳ್ಳೆಯದು. ಬಾನೆಟ್, ಬಾಗಿಲು, ಮಾಡಿಗೆ ಬೇಡ. ಅಗಲವಾದ ತೆಳು ತಗಡು ಅಲೆ ಅಲೆಯಾಗಿ ತಿರುಚಿಕೊಳ್ಳುತ್ತದೆ, ಅದನ್ನು ನೆಟ್ಟಗೆ ಮಾಡುವವರು ಸಿಗುವುದಿಲ್ಲ.

ಸಣ್ಣ ಬ್ರಾಕೆಟ್ಟು, ಹಿಂಜು, ನಟ್ಟುಗಳಿಗೆ ದಿನಸಿ ಅಂಗಡಿಯ ನಿಂಬೆಉಪ್ಪನ್ನು ನೀರಿನಲ್ಲಿ ಕರಗಿಸಿ ಒಂದು ರಾತ್ರಿ ನೆನೆಸಿ. ತೆಗೆದ ಕೂಡಲೇ ಅಡುಗೆ ಸೋಡಾದ ನೀರಿನಲ್ಲಿ ಅದ್ದಿ, ಒಣಗಿಸಿ, ಎಣ್ಣೆ ಸವರಿ. ದೊಡ್ಡ ಭಾಗಗಳಿಗೆ ಬ್ಯಾಟರಿ ಚಾರ್ಜರ್ ವಿಧಾನ ಇದೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ವಾಷಿಂಗ್ ಸೋಡಾ ನೀರು, ತುಕ್ಕಿನ ಭಾಗಕ್ಕೆ ಋಣ ತಂತಿ, ಬದಿಗೆ ಇಳಿಬಿಟ್ಟ ಕಬ್ಬಿಣದ ತುಂಡಿಗೆ ಧನ ತಂತಿ. ತಂತಿ ಅದಲು ಬದಲಾದರೆ ನಿಮ್ಮ ಭಾಗವೇ ಕರಗುತ್ತದೆ. ಬದಿಗೆ ಸ್ಟೇನ್‌ಲೆಸ್ ಸ್ಟೀಲ್ ತುಂಡು ಬಳಸಬೇಡಿ, ನೀರಿನಲ್ಲಿ ವಿಷಕಾರಿ ಕ್ರೋಮಿಯಂ ಸೇರುತ್ತದೆ. ಹೈಡ್ರೋಜನ್ ಏಳುವುದರಿಂದ ಬಯಲಲ್ಲೇ ಮಾಡಿ, ಹತ್ತಿರ ಬೀಡಿ ಹೊತ್ತಿಸಬೇಡಿ. ಸ್ಪ್ರಿಂಗುಗಳನ್ನು ಮತ್ತು ಸ್ಟಿಯರಿಂಗಿನ ಗಟ್ಟಿ ಬೋಲ್ಟುಗಳನ್ನು ಈ ಎರಡೂ ನೀರಿಗೆ ಹಾಕಬಾರದು, ಅಂಥ ಉಕ್ಕು ಒಳಗೊಳಗೇ ಪೆಡಸಾಗಿ ಮುರಿಯಬಹುದು.

ತುಕ್ಕನ್ನೇ ಕಪ್ಪು ಪದರವಾಗಿಸುವ ದ್ರಾವಣಗಳನ್ನು ಅಂಗಡಿಯವರು ತುಂಬ ಹೊಗಳಿ ಮಾರುತ್ತಾರೆ. ಬ್ರಷ್ ಹೋಗದ ಸಂದಿಗೊಂದಿಗೆ ಅವು ಪರವಾಗಿಲ್ಲ. ಹೊಪ್ಪಳೆ ಎದ್ದ ತುಕ್ಕಿನ ಮೇಲೆ ಹಚ್ಚಿದರೆ ಹೊಪ್ಪಳೆಯಷ್ಟೇ ಕಪ್ಪಾಗುತ್ತದೆ.

## 8. ಪ್ರೈಮರ್, ಪುಟ್ಟಿ, ಬಣ್ಣ

ಉಜ್ಜಿದ ತಗಡಿಗೆ ಅದೇ ದಿನ ಪ್ರೈಮರ್. ಸಂಜೆಯೊಳಗೆ ಹೊಡೆಯಲು ಆಗುವಷ್ಟನ್ನೇ ಬೆಳಿಗ್ಗೆ ಉಜ್ಜಿ. ಥಿನ್ನರ್ ಬಟ್ಟೆಯಿಂದ ಒರೆಸಿದ ಮೇಲೆ ಬರಿಗೈ ಮುಟ್ಟಿಸಬೇಡಿ, ಬೆವರಿನ ಬೆರಳಚ್ಚು ತಿಂಗಳ ನಂತರ ಬಣ್ಣದಡಿ ತುಕ್ಕಾಗಿ ಮೂಡುತ್ತದೆ.

ಕಿಟಕಿ ಗ್ರಿಲ್ಲಿಗೆ ಹೊಡೆಯುವ ರೆಡ್ ಆಕ್ಸೈಡನ್ನೇ ಕಾರಿಗೂ ಹೊಡೆದು ನಿಶ್ಚಿಂತರಾಗುವವರು ಬಹಳ. ಅದು ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅಂಥ ಪ್ರೈಮರಿನ ಮೇಲೆ ಬಣ್ಣ ಬೀಳದೆ ಒಂದು ಮಳೆಗಾಲ ಕಳೆದರೆ ಎಲ್ಲ ಮತ್ತೆ ಉಜ್ಜಬೇಕು. ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ದುಬಾರಿ, ಆದರೆ ಅದು ನೀರನ್ನು ಒಳಗೆ ಬಿಡುವುದಿಲ್ಲ. ಪುಟ್ಟಿಯೂ ಎಪಾಕ್ಸಿಯ ಮೇಲೆ ಬರಬೇಕು, ಬರಿ ತಗಡಿನ ಮೇಲಲ್ಲ. ಪುಟ್ಟಿ ಸ್ಪಂಜಿನಂತೆ ತೇವ ಹೀರುತ್ತದೆ, ಅದಕ್ಕೇ ನೀರು ಹಾಕಿ ಉಜ್ಜುವ ವಾಟರ್ ಪೇಪರ್ ಕೆಲಸ ಪುಟ್ಟಿಯ ಮೇಲೆ ಮಾಡದೆ ಮೇಲಿನ ಪ್ರೈಮರಿಗೆ ಮೀಸಲಿಡಿ. ದಪ್ಪ 2, ಹೆಚ್ಚೆಂದರೆ 3 ಮಿ.ಮೀ. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ತಗಡಿನ ಕೆಲಸ ಮುಗಿದಿಲ್ಲ, ಸುತ್ತಿಗೆ ಮತ್ತು ಡಾಲಿ ಹಿಡಿಯಿರಿ.

ಮೇಲ್ಬಣ್ಣ ಬೂತ್ ಇರುವವರಿಗೆ ಬಿಡಿ. ಗಟ್ಟಿಗೊಳಿಸುವ ದ್ರಾವಣ ಬೆರೆಸುವ ಈಗಿನ ಬಣ್ಣಗಳಲ್ಲಿ ಐಸೊಸೈನೇಟ್ ಇರುತ್ತದೆ. ಹೊರಗಿನ ಶುದ್ಧ ಗಾಳಿ ಪೂರೈಸುವ ಮುಖವಾಡವಿಲ್ಲದೆ ಅದನ್ನು ಸ್ಪ್ರೇ ಮಾಡಿದರೆ ಶಾಶ್ವತವಾಗಿ ದಮ್ಮು ಹತ್ತಬಹುದು. ಬಣ್ಣಕ್ಕೆ ಕಳಿಸುವ ಮೊದಲು ಒಳಗಿನ ಊರೆ ಪೈಪುಗಳನ್ನು ಕತ್ತರಿಸಿ ತೆಗೆಯಿರಿ, ಬಾಗಿಲುಗಳ ಸಂದನ್ನು ಕೊನೆಯ ಬಾರಿ ಅಳೆಯಿರಿ. ಬಾಗಿಲು ಕಳಚುವುದಿದ್ದರೆ ಈಗ ಕಳಚಬಹುದು.

## 9. ಟೊಳ್ಳುಗಳಿಗೆ ಮೇಣ

ಬಣ್ಣ ಒಣಗಿದ ಮೇಲೆ, ಲೈನಿಂಗ್ ಕೂರಿಸುವ ಮೊದಲು, ಹೊಸ್ತಿಲು, ಕಂಬ, ಬಾಗಿಲಿನ ಒಳಭಾಗಕ್ಕೆಲ್ಲ ಉದ್ದ ನಳಿಕೆಯ ಸ್ಪ್ರೇಯಿಂದ ಮೇಣದ ಲೇಪ ಹೊಡೆಯಿರಿ. ಬೆಸುಗೆಯ ಹಿಂಬದಿಯಲ್ಲಿ ಪ್ರೈಮರ್ ಸುಟ್ಟುಹೋಗಿರುತ್ತದೆ, ಅಲ್ಲಿಗೆ ತಲುಪುವುದು ಇದೊಂದೇ. ಮೊದಲು ಹೊಡೆದರೆ ಬೆಸೆಯುವಾಗ ಹೊತ್ತಿಕೊಳ್ಳುತ್ತದೆ, ಬಣ್ಣವೂ ಹಿಡಿಯುವುದಿಲ್ಲ.

ಬಾಗಿಲು ಮತ್ತು ಹೊಸ್ತಿಲ ತಳದ ನೀರು ಇಳಿಯುವ ತೂತುಗಳನ್ನು ಆಮೇಲೆ ಸಣ್ಣ ತಂತಿಯಿಂದ ಬಿಡಿಸಿ. ಮೇಣವೋ ಪುಟ್ಟಿಯೋ ಆ ತೂತು ಮುಚ್ಚಿದರೆ ಹೊಸ ಬಾಗಿಲು ಕೂಡ ಒಳಗೆ ನೀರು ನಿಂತ ತೊಟ್ಟಿಯಾಗುತ್ತದೆ.

## 10. ಬ್ರೇಕ್, ಜೋಡಣೆ, ನೀರಿನ ಪರೀಕ್ಷೆ

ಕಾರಿನ ಮೈ ತಿಂದ ತುಕ್ಕು ಬ್ರೇಕ್ ನಳಿಗೆಗಳನ್ನು ಬಿಟ್ಟಿರುವುದಿಲ್ಲ. ಎಲ್ಲ ಉಕ್ಕಿನ ನಳಿಗೆ, ರಬ್ಬರ್ ಹೋಸ್, ವೀಲ್ ಸಿಲಿಂಡರ್ ಹೊಸದೇ ಹಾಕಿ. ಫ್ರಿಜ್ಜಿನ ತಾಮ್ರದ ನಳಿಗೆ ಬಗ್ಗಿಸಿ ಹಾಕಿಕೊಡುತ್ತೇನೆ ಎನ್ನುವವರಿಗೆ ಬೇಡ ಎನ್ನಿ. ಕಾರಿನ ಕಂಪನಕ್ಕೆ ಅದು ಬಿರಿಯುತ್ತದೆ. ಬ್ರೇಕ್ ಎಣ್ಣೆ ಹೊಸ ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಸುರಿದು ತೊಳೆಯಿರಿ, ಇಲ್ಲವಾದರೆ ಬಣ್ಣ ಸುಲಿಯುತ್ತದೆ.

ವೈರಿಂಗ್ ಜೋಡಿಸುವಾಗ ಅರ್ತ್ ಸೇರುವ ಜಾಗಗಳಲ್ಲಿ ಬಣ್ಣ ಕೆರೆದು ಬೋಲ್ಟು ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿ. ಹೊಸ ಬಣ್ಣದ ಕಾರಿನಲ್ಲಿ ಲೈಟು ಮಂಕಾಗುವುದಕ್ಕೆ ಹತ್ತಕ್ಕೆ ಎಂಟು ಬಾರಿ ಇದೇ ಕಾರಣ, ಜನ ಮಾತ್ರ ಡೈನಮೊ ಬಿಚ್ಚಿಸುತ್ತಾರೆ.

ಗಾಜಿನ ಬೀಡಿಂಗ್ ರಬ್ಬರ್ ಹೊಸದಾಗಿರಬೇಕು. ಒಳ್ಳೆಯ ಹಳೆಯದು ಎಂಬುದೊಂದಿಲ್ಲ. ಗಾಜು ಕೂರಿಸಿದ ಮೇಲೆ ಮ್ಯಾಟ್ ಹಾಸಬೇಡಿ. ನೆಲದ ತಗಡಿನ ಮೇಲೆಲ್ಲ ಹಳೆಯ ದಿನಪತ್ರಿಕೆ ಹಾಸಿ, ನಾಲ್ಕೂ ಬಾಗಿಲು ಮುಚ್ಚಿ, ಹೊರಗಿನಿಂದ ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಡಿ. ಮೊದಲು ಮುಂಗಾಜಿನ ಕೆಳ ಅಂಚಿಗೆ, ಆಮೇಲೆ ಮೇಲೆ, ಆಮೇಲೆ ಬಾಗಿಲುಗಳಿಗೆ, ಕೊನೆಗೆ ಡಿಕ್ಕಿಗೆ. ಒಂದೊಂದು ಜಾಗ ಮುಗಿದಾಗಲೂ ಬಾಗಿಲು ತೆರೆದು ಯಾವ ಹಾಳೆ ಒದ್ದೆಯಾಗಿದೆ ನೋಡಿ. ಒದ್ದೆಯಾದ ಹಾಳೆಯ ನೇರ ಮೇಲೆ ಸೋರಿಕೆ ಇರಲೇಬೇಕೆಂದಿಲ್ಲ, ನೀರು ಕಂಬದೊಳಗೆ ಇಳಿದು ಬೇರೆಡೆ ಹೊರಬರಬಹುದು. ಲೈನಿಂಗ್ ಕೂರಿಸುವುದು, ಮ್ಯಾಟ್ ಹಾಸುವುದು ಎಲ್ಲ ಹಾಳೆಗಳೂ ಒಣಗಿಯೇ ಉಳಿದ ದಿನ.